‘ವೆಲ್‌ಕಮ್’ಗೆ ಎಷ್ಟು ಎಲ್?

ಮದುವೆ ಛತ್ರದ ಹೆಬ್ಬಾಗಿಲಿಗೆ ಸಾಮಾನ್ಯವಾಗಿ ಎರಡು ಕದ. ಎಡಗದದ ಮೇಲೆ ‘ವೆಲ್’, ಬಲಗದದ ಮೇಲೆ ‘ಕಮ್’. ಹಿಂದೆ ಕೆಂಪು ಬಟ್ಟೆಗೆ ಹತ್ತಿ ಅಂಟಿಸಿ ಬರೆಯುತ್ತಿದ್ದರು; ಆಮೇಲೆ ಥರ್ಮೋಕೋಲ್ ಅಕ್ಷರಗಳು ಬಂದವು; ಈಗ ಫ್ಲೆಕ್ಸ್. ಸಾಮಗ್ರಿ ಬದಲಾಯಿತೇ ಹೊರತು ಪದದ ನಡುವಿನ ಬಿರುಕು ಮಾತ್ರ ಹಾಗೆಯೇ ಉಳಿದುಕೊಂಡಿದೆ. ಕೆಲವೆಡೆ ಬರೆಯುವಾತ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ‘ವೆಲ್’ಗೆ ಎರಡು ಎಲ್ ಹಾಕಿರುತ್ತಾನೆ. ಆಗ ಈ ಕದಕ್ಕೆ ನಾಲ್ಕು ಅಕ್ಷರ, ಆ ಕದಕ್ಕೆ ನಾಲ್ಕು ಅಕ್ಷರ. ಲೆಕ್ಕ ಸರಿಹೋಯಿತು, ಕಣ್ಣಿಗೂ ಅಂದ. ಛತ್ರಕ್ಕೆ ಬಂದ ಇಂಗ್ಲಿಷ್ ಬಲ್ಲ ನೆಂಟರು ಅದನ್ನು ನೋಡಿ ನಗುತ್ತಾರೆ. ಊಟಕ್ಕೆ ಕೂತಾಗಲೂ ಅದೇ ಮಾತು. ಮಗಳ ಮದುವೆಗೆ ಸಾಲ ಮಾಡಿ ಬಾಗಿಲು ಸಿಂಗರಿಸಿದ ತಂದೆಯ ಕಿವಿಗೆ ಈ ನಗು ಬಿದ್ದರೆ ಆತನಿಗೆ ಹೇಗಾದೀತು ಎಂಬುದು ನಗುವವರಿಗೆ ಹೊಳೆಯುವುದಿಲ್ಲ.

ಸರಿಯಾದ ರೂಪದಲ್ಲಿ ಇರುವುದು ಒಂದೇ ಎಲ್, ಮತ್ತು ಅದು ಒಂದೇ ಪದ. ಇದರಲ್ಲಿ ಸಂದೇಹವಿಲ್ಲ. ಆದರೆ ಈ ‘ಸರಿ’ ಎಲ್ಲಿಂದ ಬಂತು ಎಂದು ಹುಡುಕುತ್ತ ಹೋದರೆ ನಗು ಸ್ವಲ್ಪ ಕಡಿಮೆಯಾಗುತ್ತದೆ.

ಇಂಗ್ಲಿಷಿನ ಅತ್ಯಂತ ಹಳೆಯ ರೂಪದಲ್ಲಿ, ಅಂದರೆ ಸಾವಿರ ವರ್ಷಗಳ ಹಿಂದಿನ ಆಂಗ್ಲೋ-ಸ್ಯಾಕ್ಸನ್ನರ ಮಾತಿನಲ್ಲಿ, ಈ ಪದ ‘ವಿಲ್‌ಕುಮಾ’ ಎಂದಿತ್ತು. ಅದರ ಮೊದಲ ಭಾಗ ‘ವೆಲ್’ ಅಲ್ಲವೇ ಅಲ್ಲ. ಅದು ‘ವಿಲ್ಲ’, ಇಚ್ಛೆ, ಬಯಕೆ, ಸಂತೋಷ ಎಂದರ್ಥ. ಇಂದಿನ ‘ವಿಲ್’ ಎಂಬ ಪದ ಅದೇ ಕುಲದ್ದು. ಎರಡನೆಯ ಭಾಗ ‘ಕುಮಾ’ ಎಂದರೆ ಬಂದವನು, ಅತಿಥಿ. ಒಟ್ಟಿನಲ್ಲಿ ವಿಲ್‌ಕುಮಾ ಎಂದರೆ ‘ಬಯಸಿದವನು ಬಂದ’ ಎಂಬಂಥ ಅರ್ಥ. ನಮ್ಮಲ್ಲಿ ‘ಅವರು ನಮಗೆ ಬೇಕಾದವರು’ ಎನ್ನುತ್ತೇವಲ್ಲ, ಆ ‘ಬೇಕಾದವರು’ ಎಂಬ ಮಾತು ಇದಕ್ಕೆ ಬಹಳ ಹತ್ತಿರ. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಮೊದಲಿಗೆ ಇದು ಒಂದು ಕ್ರಿಯೆಯ ಹೆಸರಾಗಿರಲಿಲ್ಲ. ಒಬ್ಬ ಮನುಷ್ಯನ ಹೆಸರಾಗಿತ್ತು. ಯಾರು ಬಂದರೆ ಮನೆಯವರಿಗೆ ಹಿತವೋ ಆ ಮನುಷ್ಯನೇ ವಿಲ್‌ಕುಮಾ.

ಹಳೆಯ ಇಂಗ್ಲಿಷಿನ ಪ್ರಸಿದ್ಧ ವೀರಕಾವ್ಯ ‘ಬೇವುಲ್ಫ್’ನಲ್ಲಿ ಈ ಪದ ಬರುವ ಸಂದರ್ಭ ಸ್ವಾರಸ್ಯವಾಗಿದೆ. ಈ ಕಾವ್ಯದ ಒಂದೇ ಒಂದು ಹಸ್ತಪ್ರತಿ ಉಳಿದಿದೆ, ಸುಮಾರು ಕ್ರಿ.ಶ. 1000ರ ಕಾಲದ್ದು, ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಡೇನರ ದೊರೆ ಹ್ರೋತ್‌ಗಾರನ ಸಭಾಭವನಕ್ಕೆ ರಾತ್ರಿ ಹೊತ್ತು ಗ್ರೆಂಡೆಲ್ ಎಂಬ ರಾಕ್ಷಸ ನುಗ್ಗಿ ಜನರನ್ನು ತಿನ್ನುತ್ತಿರುತ್ತಾನೆ. ಆಗ ಸಮುದ್ರ ದಾಟಿ, ಆಯುಧ ಹಿಡಿದ ಅಪರಿಚಿತರ ಗುಂಪೊಂದು ಬಾಗಿಲಿಗೆ ಬಂದು ನಿಲ್ಲುತ್ತದೆ. ಮಿತ್ರರೋ ಶತ್ರುಗಳೋ ಹೇಳುವವರಿಲ್ಲ. ದಡದಲ್ಲಿ ಕಾವಲುಗಾರ ಆಗಲೇ ಒಮ್ಮೆ ತಡೆದು ಪ್ರಶ್ನಿಸಿದ್ದಾನೆ. ಬಾಗಿಲಲ್ಲಿ ರಾಜಸೇವಕ ಮತ್ತೆ ತಡೆದು, ಒಳಗೆ ಹೋಗಿ ದೊರೆಗೆ ಅರಿಕೆ ಮಾಡುತ್ತಾನೆ. ಬಂದಿರುವವನು ಯಾರ ಮಗನೆಂದು ದೊರೆಗೆ ಗೊತ್ತು. ‘ಅವರು ಡೇನರಿಗೆ ವಿಲ್‌ಕುಮಾಗಳು ಎಂದು ಹೋಗಿ ಹೇಳು’ ಎಂಬ ಅರ್ಥದ ಅಪ್ಪಣೆಯಾಗುತ್ತದೆ. ಆದರೂ ಈಟಿ ಗುರಾಣಿಗಳನ್ನು ಹೊರಗಿಟ್ಟೇ ಒಳಗೆ ಹೋಗಬೇಕು! ಆ ಕಾಲದ ಬಾಗಿಲಲ್ಲಿ ಈ ಪದ ಅಲಂಕಾರವಾಗಿರಲಿಲ್ಲ. ಅದು ಸಿಕ್ಕರೆ ಜೀವ ಉಳಿದಂತೆ, ಸಿಗದಿದ್ದರೆ ಕತ್ತಿಯೇ ಗತಿ.

ಹಾಗಾದರೆ ‘ವಿಲ್’ ಹೋಗಿ ‘ವೆಲ್’ ಬಂದದ್ದು ಹೇಗೆ? 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಆಳುವವರ ಮಾತು ಫ್ರೆಂಚ್ ಆಯಿತು. ಫ್ರೆಂಚಿನಲ್ಲಿ ಬಂದವರಿಗೆ ಹೇಳುವುದು ‘ಬಿಯಾಂವೆನ್ಯು’, ಎಂದರೆ ‘ಚೆನ್ನಾಗಿ ಬಂದಿರಿ’. ಇನ್ನೊಂದು ಕಡೆ, ಅದಕ್ಕೂ ಮೊದಲೇ ಇಂಗ್ಲೆಂಡಿನ ಉತ್ತರ ಭಾಗದಲ್ಲಿ ನೆಲೆಸಿದ್ದ ಸ್ಕ್ಯಾಂಡಿನೇವಿಯದ ಜನರ ಮಾತಿನಲ್ಲಿ ‘ವೆಲ್‌ಕೊಮಿನ್’ ಎಂಬ ಪದವಿತ್ತು. ಇವೆರಡರ ನೆರಳು ಬಿದ್ದು, ಜನ ತಮ್ಮ ಹಳೆಯ ವಿಲ್‌ಕುಮಾವನ್ನೂ ‘ವೆಲ್’ ಪ್ಲಸ್ ‘ಕಮ್’ ಎಂದೇ ತಿಳಿದರು. ತಿಳಿದಂತೆ ನುಡಿದರು, ನುಡಿದಂತೆ ಬರೆದರು. ಜರ್ಮನರು ಮಾತ್ರ ಇಂದಿಗೂ ‘ವಿಲ್ಕೊಮ್ಮೆನ್’ ಎಂದೇ ಹೇಳುತ್ತಾರೆ. ಹಳೆಯ ‘ವಿಲ್’ ಅಲ್ಲಿ ಹಾಗೆಯೇ ಕುಳಿತಿದೆ.

ಎಂದರೆ ಇಂದು ನಾವು ಶುದ್ಧವೆಂದು ತಲೆಬಾಗುವ ರೂಪ ಒಂದು ಕಾಲದ ತಪ್ಪು ತಿಳಿವಳಿಕೆಯ ಫಲ. ಛತ್ರದ ಬಾಗಿಲಿಗೆ ‘ವೆಲ್’ ಬೇರೆ ‘ಕಮ್’ ಬೇರೆ ಮಾಡಿ ಬರೆದ ನಮ್ಮ ಪೇಂಟರ್, ಆ ಪದವನ್ನು ಮಧ್ಯಯುಗದ ಇಂಗ್ಲಿಷರು ಅರ್ಥ ಮಾಡಿಕೊಂಡ ಹಾಗೆಯೇ ಅರ್ಥ ಮಾಡಿಕೊಂಡಿದ್ದಾನೆ. ಅವರು ಬಹಳ ಜನರಿದ್ದರು, ಮೊದಲು ಮಾಡಿದರು. ಆದ್ದರಿಂದ ಅದು ನಿಘಂಟು ಸೇರಿತು. ಇವನು ಒಬ್ಬನೇ, ಎಂಟು ನೂರು ವರ್ಷ ತಡವಾಗಿ ಬಂದ.

ಇಲ್ಲಿ ನಮ್ಮ ‘ಸ್ವಾಗತ’ದ ಮಾತು ಬರಲೇಬೇಕು. ಹೈಸ್ಕೂಲಿನಲ್ಲಿ ಯಣ್ ಸಂಧಿ ಓದಿದವರಿಗೆ ನೆನಪಿರಬಹುದು: ಮನು ಪ್ಲಸ್ ಅಂತರ, ಮನ್ವಂತರ, ಸು ಪ್ಲಸ್ ಆಗತ, ಸ್ವಾಗತ. ಸು ಎಂದರೆ ಒಳ್ಳೆಯ, ಆಗತ ಎಂದರೆ ಬಂದದ್ದು. ಅಕ್ಷರಶಃ ‘ವೆಲ್ ಕಮ್’! ಅಷ್ಟೇ ಅಲ್ಲ, ಆಗತದಲ್ಲಿರುವ ‘ಗಮ್’ ಧಾತುವೂ ಇಂಗ್ಲಿಷಿನ ‘ಕಮ್’ ಕ್ರಿಯಾಪದವೂ ಒಂದೇ ಮೂಲದಿಂದ ಕವಲೊಡೆದವೆಂದು ಭಾಷಾವಿಜ್ಞಾನಿಗಳು ತೋರಿಸಿಕೊಟ್ಟಿದ್ದಾರೆ. ಎರಡೂ ಪದಗಳ ಹಿಂಭಾಗ ರಕ್ತಸಂಬಂಧಿಗಳು. ಮುಂಭಾಗ ಮಾತ್ರ ಬೇರೆ ಬೇರೆಯಿತ್ತು. ‘ವಿಲ್’ ಹೋಗಿ ‘ವೆಲ್’ ಬಂದದ್ದರಿಂದ ಅರ್ಥದಲ್ಲಿ ಅದೂ ಜೋಡಿಯಾಯಿತು. ಇನ್ನು ಇಂಗ್ಲಿಷ್ ಕಳೆದುಕೊಂಡ ಆ ಹಳೆಯ ‘ಬಯಕೆ’ ಎಲ್ಲಿ ಸಿಕ್ಕೀತು ಎಂದರೆ ನಮ್ಮ ಲಗ್ನಪತ್ರಿಕೆಗಳಲ್ಲಿ. ಕೊನೆಯಲ್ಲಿ ‘ತಮ್ಮ ಸುಖಾಗಮನ ಬಯಸುವವರು’ ಎಂದು ಅಚ್ಚಾಗಿರುತ್ತದಲ್ಲ! ಸುಖವೂ ಇದೆ, ಆಗಮನವೂ ಇದೆ, ಬಯಕೆಯೂ ಇದೆ. ವಿಲ್‌ಕುಮಾ, ವೆಲ್‌ಕಮ್ ಎರಡನ್ನೂ ಒಂದೇ ಸಾಲಿನಲ್ಲಿ ಅಡಗಿಸಿದಂತಿದೆ.

ಇಂಗ್ಲಿಷ್ ತಪ್ಪಿಗೆ ನಗುವ ನಾವು ನಮ್ಮ ಬಾಗಿಲನ್ನೂ ಒಮ್ಮೆ ನೋಡಿಕೊಳ್ಳಬೇಕು. ‘ಸುಸ್ವಾಗತ’ ಎಂದು ಎಷ್ಟು ಕಮಾನುಗಳ ಮೇಲೆ ಬರೆದಿಲ್ಲ? ಸ್ವಾಗತದಲ್ಲಿ ಆಗಲೇ ಒಂದು ‘ಸು’ ಇದೆ. ಅದರ ಮೇಲೆ ಇನ್ನೊಂದು ‘ಸು’. ‘ಚೆನ್ನಾಗಿ ಚೆನ್ನಾಗಿ ಬಂದಿರಿ’ ಎಂದಂತೆ. ಗೇಟುಬಾಗಿಲು, ನಡುಮಧ್ಯ ಎಂಬ ಪದಗಳ ಜಾತಿಗೆ ಸೇರಿದ್ದಿದು ಎಂದು ವ್ಯಾಕರಣ ಬಲ್ಲವರು ಆಕ್ಷೇಪಿಸುತ್ತಾರೆ. ನನಗೇನೋ ಈ ಎರಡನೆಯ ‘ಸು’ವಿನ ಮೇಲೆ ಅಷ್ಟು ಕೋಪವಿಲ್ಲ. ಪ್ರೀತಿ ಹೆಚ್ಚಾದಾಗ ಮಾತು ಎರಡೆರಡು ಸಲ ಬರುತ್ತದೆ. ಮನೆಗೆ ಬಂದವರಿಗೆ ಒಂದೇ ಸಲ ‘ಬನ್ನಿ’ ಎಂದರೆ ಅದು ಕರೆದಂತೆಯೇ ಆಗುವುದಿಲ್ಲ. ‘ಬನ್ನಿ ಬನ್ನಿ’ ಎನ್ನಬೇಕು. ಧಾರವಾಡದ ಕಡೆಯಾದರೆ ‘ಬರ್ರಿ ಬರ್ರಿ’. ಆದರೆ ದೀರ್ಘ ತಪ್ಪಿಸಿ ‘ಸ್ವಗತ’ ಎಂದು ಬರೆದರೆ ಮಾತ್ರ ಅನರ್ಥ. ಸ್ವಗತವೆಂದರೆ ನಾಟಕದ ಪಾತ್ರ ತನ್ನಷ್ಟಕ್ಕೆ ತಾನೇ ಆಡಿಕೊಳ್ಳುವ ಮಾತು. ಅತಿಥಿಗಳ ಎದುರಿಗೆ ಅದನ್ನು ತೂಗುಹಾಕುವುದು ವಿಚಿತ್ರ.

ಮತ್ತೆ ಎಲ್ ಅಕ್ಷರದ ಲೆಕ್ಕಕ್ಕೆ ಬರೋಣ. ಹಳೆಯ ಇಂಗ್ಲಿಷಿನಲ್ಲಿ ‘ವೆಲ್’ ಎಂಬ ಪದಕ್ಕೇ ಒಂದು ಎಲ್ ಸಾಕಾಗಿತ್ತು. ಬಿಡಿಯಾಗಿ ನಿಂತ ಪದ ಕಾಲಾನಂತರ ಇನ್ನೊಂದು ಎಲ್ ಸೇರಿಸಿಕೊಂಡಿತು. ಸಮಾಸದೊಳಗೆ ಸೇರಿಹೋದದ್ದು ಹಳೆಯ ರೂಪದಲ್ಲೇ ಉಳಿಯಿತು. ಇದನ್ನು ನೆನಪಿಟ್ಟುಕೊಳ್ಳಲು ಎರಡು ಪದ ಸಾಕು: ‘ವೆಲ್‌ಫೇರ್’ ಮತ್ತು ‘ಫೇರ್‌ವೆಲ್’. ಎರಡರಲ್ಲೂ ಇರುವ ಅಂಗಗಳು ಅವೇ. ‘ಫೇರ್’ ಎಂದರೆ ಪಯಣಿಸು, ಬಾಳು. ತಲೆಯಲ್ಲಿ ಬಂದಾಗ ‘ವೆಲ್’ಗೆ ಒಂದು ಎಲ್, ಬಾಲದಲ್ಲಿ ಬಂದಾಗ ಎರಡು. ಕಾಲೇಜಿನ ಹೊಸ ಹುಡುಗರಿಗೆ ಕೊಡುವ ವೆಲ್‌ಕಮ್ ಪಾರ್ಟಿಗೆ ಒಂದು, ಬಿಟ್ಟುಹೋಗುವವರಿಗೆ ಕೊಡುವ ಫೇರ್‌ವೆಲ್ ಪಾರ್ಟಿಗೆ ಎರಡು. ‘ವೆಲ್ ವಿಷರ್’, ‘ವೆಲ್ ನೋನ್’ ಮುಂತಾದವು ತಲೆಯಲ್ಲೇ ಇದ್ದರೂ ಎರಡು ಎಲ್ ಇಟ್ಟುಕೊಂಡಿವೆ. ಅವು ಈಚಿನವು, ನಡುವೆ ಅಡ್ಡಗೆರೆ ಹಾಕಿ ಬರೆಯುವಂಥವು, ಪೂರ್ತಿ ಬೆಸೆದುಕೊಂಡಿಲ್ಲ.

ಬ್ಯಾನರುಗಳಲ್ಲಿ ಕಾಣುವ ‘ಹಾರ್ಟ್ಲಿ ವೆಲ್‌ಕಮ್’ ಇನ್ನೊಂದು ಬಗೆ. ಇದು ‘ಹಾರ್ದಿಕ ಸ್ವಾಗತ’ವನ್ನು ಇಂಗ್ಲಿಷಿಗೆ ತರಲು ಹೋಗಿ ಆದದ್ದು. ‘ಹಾರ್ಟಿ ವೆಲ್‌ಕಮ್’ ಎಂದರೆ ಸಾಕು. ‘ವೆಲ್‌ಕಮ್ ಇನ್ ಬೆಂಗಳೂರು’ ತಪ್ಪು. ‘ಟು’ ಬೇಕು, ಏಕೆಂದರೆ ಬರುವಿಕೆಗೆ ದಿಕ್ಕು ಬೇಕು. ಸಂಜೆ ಏಳಕ್ಕೆ ಬಂದವರನ್ನು ‘ಗುಡ್ ನೈಟ್’ ಎಂದು ಎದುರುಗೊಂಡರೆ ‘ಹೋಗಿ ಬನ್ನಿ’ ಎಂದಂತಾಗುತ್ತದೆ. ಎಷ್ಟೇ ಕತ್ತಲಾಗಿದ್ದರೂ ಬಂದವರಿಗೆ ‘ಗುಡ್ ಈವ್ನಿಂಗ್’ ಎಂದೇ ಹೇಳಬೇಕು. ಇವೆಲ್ಲ ಸಣ್ಣ ಸಂಗತಿಗಳು. ತಿದ್ದಿಕೊಂಡರೆ ಒಳ್ಳೆಯದು, ತಿದ್ದದಿದ್ದರೂ ಅರ್ಥಕ್ಕೆ ದೊಡ್ಡ ಕುಂದಿಲ್ಲ.

ಅರ್ಥಕ್ಕೇ ಕುಂದು ಬರುವ ತಪ್ಪು ಬೇರೆ ಇದೆ. ಅದು ಕಚೇರಿಯ ಪತ್ರಗಳಲ್ಲಿ, ಒಳ್ಳೆಯ ಇಂಗ್ಲಿಷ್ ಬರೆಯುತ್ತೇವೆಂದು ತಿಳಿದವರ ಕೈಯಲ್ಲೇ ಕಾಣಿಸುತ್ತದೆ. ‘ಯು ಆರ್ ವೆಲ್‌ಕಮ್ ಟು ಅಟೆಂಡ್’ ಎಂದು ಬರೆಯಬೇಕಾದಲ್ಲಿ ‘ಯು ಆರ್ ವೆಲ್‌ಕಮ್ಡ್ ಟು ಅಟೆಂಡ್’ ಎಂದು ಕೊನೆಗೊಂದು ‘ಡಿ’ ಸೇರಿಸಿಬಿಡುತ್ತಾರೆ. ಏನೋ ಹೆಚ್ಚಿನ ಮರ್ಯಾದೆ ಮಾಡಿದ ಭಾವ. ಆದರೆ ‘ಡಿ’ ಇಲ್ಲದ ‘ವೆಲ್‌ಕಮ್’ ಆ ಹಳೆಯ ವಿಲ್‌ಕುಮಾದ ನೇರ ವಾರಸುದಾರ; ಬಂದ ಮನುಷ್ಯನ ಗುಣವನ್ನು ಹೇಳುವ ಪದ. ‘ನೀವು ನಮಗೆ ಬೇಕಾದವರು’ ಎಂಬುದು ಅದರ ಒಳಗಿನ ಮಾತು. ‘ವೆಲ್‌ಕಮ್ಡ್’ ಎಂಬುದಾದರೋ ಮಾಡಿದವರ ಕೆಲಸವನ್ನು ಹೇಳುತ್ತದೆ. ಹಾರ ಹಾಕಿದರು, ಆರತಿ ಎತ್ತಿದರು, ಭಾಷಣ ಮಾಡಿದರು. ಅತಿಥಿ ‘ವಾಸ್ ವೆಲ್‌ಕಮ್ಡ್’. ಅದು ನಡೆದುಹೋದ ಒಂದು ಕಾರ್ಯಕ್ರಮ. (ಕಮ್ ಎಂಬುದರ ಭೂತಕಾಲ ‘ಕೇಮ್’ ಆದರೂ ವೆಲ್‌ಕಮ್‌ನದು ‘ವೆಲ್‌ಕೇಮ್’ ಆಗದಿರುವುದಕ್ಕೂ ಇದೇ ಕಾರಣ. ಈ ಕ್ರಿಯಾಪದ ‘ಬರುವುದ’ರಿಂದ ಹುಟ್ಟಿದ್ದಲ್ಲ, ‘ಬಂದವನಿಂದ’ ಹುಟ್ಟಿದ್ದು.) ಡಾಕ್ಟರ್ ಜಾನ್ಸನ್ 1755ರ ತನ್ನ ಪ್ರಸಿದ್ಧ ನಿಘಂಟಿನಲ್ಲಿ, ಬಂದವರಿಗೆ ಬರಿದೇ ‘ವೆಲ್‌ಕಮ್’ ಎನ್ನುವುದು ‘ಯು ಆರ್ ವೆಲ್‌ಕಮ್’ ಎಂಬ ಪೂರ್ಣ ವಾಕ್ಯದ ಮೊಟಕು ರೂಪವೆಂದು ವಿವರಿಸಿದ್ದಾನೆ. ನಮ್ಮ ಛತ್ರದ ಬಾಗಿಲ ಮೇಲಿರುವುದು ಆ ವಾಕ್ಯದ ತುಂಡು.

ಹಾರ ಹಾಕಿಸಿಕೊಂಡವರೆಲ್ಲ ಬೇಕಾದವರಲ್ಲ. ಬೇಕಾದವರಿಗೆಲ್ಲ ಹಾರ ಬೀಳುವುದಿಲ್ಲ. ಈ ಎರಡರ ನಡುವಿನ ಅಂತರ ಎಷ್ಟೆಂದು ತಿಳಿಯಲು ಇಂಗ್ಲೆಂಡಿಗೆ ಹೋಗಬೇಕಾಗಿಲ್ಲ. 1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ಸೇರಿತು. ಗಾಂಧೀಜಿ ಅಧ್ಯಕ್ಷರಾಗಿದ್ದ ಏಕೈಕ ಅಧಿವೇಶನವದು. ಗಂಗಾಧರರಾವ್ ದೇಶಪಾಂಡೆಯವರು ಸ್ವಾಗತ ಸಮಿತಿಯ ಅಧ್ಯಕ್ಷರು. ಇಂಗ್ಲಿಷಿನ ‘ರಿಸೆಪ್ಷನ್ ಕಮಿಟಿ’ ಕನ್ನಡದಲ್ಲಿ ‘ಸ್ವಾಗತ ಸಮಿತಿ’ಯಾಗಿ ಮನೆಮಾತಾದದ್ದು ಇಂಥ ಸಭೆಗಳಿಂದಲೇ. ಅಲ್ಲಿ ಸ್ವಾಗತಗೀತೆ ಹಾಡಿದವರಲ್ಲಿ ಹನ್ನೊಂದು ವರ್ಷದ ಬಾಲಕಿಯೊಬ್ಬಳಿದ್ದಳು. ಮುಂದೆ ಹಿಂದೂಸ್ತಾನಿ ಸಂಗೀತದಲ್ಲಿ ದೊಡ್ಡ ಹೆಸರಾದ ಗಂಗೂಬಾಯಿ ಹಾನಗಲ್. ಕೆಳಜಾತಿಯೆಂದು ಎಣಿಸಲಾದ ಮನೆತನದಿಂದ ಬಂದ ಹುಡುಗಿ. ಊಟವಾದ ಮೇಲೆ ಉಳಿದವರು ಉಂಡ ಎಲೆಗಳನ್ನು ಎತ್ತಲು ತನಗೆಲ್ಲಿ ಹೇಳಿಬಿಡುತ್ತಾರೋ ಎಂಬ ಅಂಜಿಕೆ ಆ ಹೊತ್ತು ತನ್ನನ್ನು ಕಾಡುತ್ತಿತ್ತೆಂದು ಅವರು ದೊಡ್ಡವರಾದ ಮೇಲೆ ನೆನಪಿಸಿಕೊಂಡಿದ್ದರು. ಸಾವಿರಾರು ಜನರಿಗೆ ಸ್ವಾಗತ ಹಾಡಿದ ಆ ಮಗುವಿಗೆ, ಊಟದ ಪಂಕ್ತಿಯಲ್ಲಿ ತಾನು ಬೇಕಾದವಳೋ ಅಲ್ಲವೋ ಎಂಬುದು ಖಚಿತವಿರಲಿಲ್ಲ. ಇಂಗ್ಲಿಷಿನವರು ಒಂದು ‘ಡಿ’ಯಿಂದ ತೋರಿಸುವ ವ್ಯತ್ಯಾಸವನ್ನು ಆಕೆ ವ್ಯಾಕರಣದ ಸಹಾಯವಿಲ್ಲದೆ ತಿಳಿದಿದ್ದರು.

ಉಪಚಾರದ ಮಾತನ್ನು ಬಳಸಿಕೊಂಡು ಜನರನ್ನು ಮೇಲು ಕೀಳೆಂದು ವಿಂಗಡಿಸುವ ಚಟ ಇಂಗ್ಲೆಂಡಿನಲ್ಲಿ ನಮಗಿಂತ ಕಡಿಮೆಯೇನೂ ಅಲ್ಲ. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಅಲನ್ ರಾಸ್ 1954ರಲ್ಲಿ, ಫಿನ್ಲೆಂಡಿನ ವಿದ್ವತ್ಪತ್ರಿಕೆಯೊಂದರಲ್ಲಿ, ಮೇಲ್ವರ್ಗದ ಇಂಗ್ಲಿಷರನ್ನು ಅವರಾಡುವ ಪದಗಳಿಂದಲೇ ಗುರುತಿಸಬಹುದೆಂದು ಒಂದು ಲೇಖನ ಬರೆದ. ‘ಹೌ ಡು ಯು ಡು’ ಎಂದವರಿಗೆ ತಿರುಗಿ ‘ಹೌ ಡು ಯು ಡು’ ಎನ್ನಬೇಕಂತೆ. ‘ಪ್ಲೀಸ್ಡ್ ಟು ಮೀಟ್ ಯು’ ಎಂದರೆ ಮುಗಿಯಿತು, ಮೇಲ್ವರ್ಗದವನಲ್ಲವೆಂದು ಗೊತ್ತಾಗಿಬಿಡುತ್ತದೆ. ಕಾದಂಬರಿಗಾರ್ತಿ ನ್ಯಾನ್ಸಿ ಮಿಟ್‌ಫರ್ಡ್ ಮರುವರ್ಷ ಇದನ್ನೇ ಹಿಡಿದು ‘ಎನ್‌ಕೌಂಟರ್’ ಪತ್ರಿಕೆಯಲ್ಲಿ ಬರೆದಾಗ ದೇಶವೆಲ್ಲ ತನ್ನ ನಾಲಿಗೆಯನ್ನು ತಾನೇ ಪರೀಕ್ಷಿಸಿಕೊಳ್ಳತೊಡಗಿತು. ನಿಮ್ಮನ್ನು ಕಂಡು ಸಂತೋಷವಾಯಿತು ಎನ್ನುವುದೇ ಕೀಳು! ನಮ್ಮ ಪುಸ್ತಕಗಳಲ್ಲಿ ಸಭ್ಯ ಇಂಗ್ಲಿಷ್ ಎಂದು ಕಲಿಸಿದ ವಾಕ್ಯವೇ ಅಲ್ಲಿ ಅಪಹಾಸ್ಯಕ್ಕೆ ಗುರಿಯಾಗಿತ್ತು.

ಇನ್ನು ‘ಥ್ಯಾಂಕ್ ಯು’ಗೆ ಉತ್ತರವಾಗಿ ಬರುವ ‘ಯು ಆರ್ ವೆಲ್‌ಕಮ್’. ಬಾಗಿಲಲ್ಲಿ ಹೇಳುವ ಮಾತು ಉಪಕಾರಕ್ಕೆ ಉತ್ತರವಾದದ್ದು ಹೇಗೆ ಎಂದು ಹಲವರಿಗೆ ಸೋಜಿಗ. ಒಳಗಿನ ಅರ್ಥ ಅದೇ: ‘ನನ್ನಿಂದ ಪಡೆದುಕೊಳ್ಳಲು ನಿಮಗೆ ಸಲುಗೆಯುಂಟು, ನೀವು ಬೇಕಾದವರು.’ ಇದರ ಹಳೆಯ ಉದಾಹರಣೆಯೊಂದು ಶೇಕ್ಸ್‌ಪಿಯರನ ‘ಒಥೆಲೊ’ ನಾಟಕದ ನಾಲ್ಕನೆಯ ಅಂಕದಲ್ಲಿದೆ. ಅತಿಥಿ ಲೊಡೊವಿಕೊ ರಾತ್ರಿ ಬೀಳ್ಕೊಳ್ಳುತ್ತ ಡೆಸ್ಡಿಮೋನಳಿಗೆ ಕೃತಜ್ಞತೆ ಹೇಳುತ್ತಾನೆ. ಆಕೆ ತಾವು ಬಂದದ್ದು ನಮಗೆ ಪ್ರಿಯವೆಂಬ ಅರ್ಥದ ಉತ್ತರ ಕೊಡುತ್ತಾಳೆ. ಅದೇ ಅತಿಥಿಯ ಎದುರಿಗೆ, ಕೆಲವು ಹೊತ್ತಿನ ಹಿಂದೆ, ಗಂಡ ಆಕೆಯ ಮೇಲೆ ಕೈಮಾಡಿದ್ದಾನೆ. ಅದೇ ರಾತ್ರಿ ಆಕೆ ಸಾಯುತ್ತಾಳೆ. ಆದರೂ ಮನೆಯೊಡತಿಯ ಮಾತು ತಪ್ಪುವುದಿಲ್ಲ.

ಈ ಉತ್ತರ ವ್ಯಾಪಕವಾದದ್ದು ಇಪ್ಪತ್ತನೆಯ ಶತಮಾನದಲ್ಲಿ, ಮುಖ್ಯವಾಗಿ ಅಮೆರಿಕದವರ ಬಾಯಲ್ಲಿ. ಬ್ರಿಟಿಷರು ‘ನಾಟ್ ಅಟ್ ಆಲ್’, ‘ಡೋಂಟ್ ಮೆನ್ಷನ್ ಇಟ್’ ಎನ್ನುತ್ತಿದ್ದರು. ಈ ಎರಡನೆಯದನ್ನು ನಾವು ಕಡೆದು ‘ಮೆನ್ಷನ್ ನಾಟ್’ ಮಾಡಿಕೊಂಡೆವು. ಶಾಲೆಯಲ್ಲಿ ಅದನ್ನು ಕೂಗಿ ಹೇಳಿದ ತಲೆಮಾರು ಇನ್ನೂ ನಮ್ಮ ನಡುವೆಯಿದೆ. ಇಂದಿನ ಇಂಗ್ಲಿಷರಿಗೆ ಅದು ಬೈಬಲ್ಲಿನ ಕಾಲದ ಆಜ್ಞೆಯಂತೆ ಕೇಳಿಸೀತು.

ಕನ್ನಡದಲ್ಲಿ ಈ ಉತ್ತರಕ್ಕೆ ಗೊತ್ತಾದ ಪದವಿಲ್ಲ. ಮನೆಯವರೊಳಗೆ ಕೃತಜ್ಞತೆ ಹೇಳುವ ರೂಢಿಯೇ ಇಲ್ಲದ ಮೇಲೆ ಅದಕ್ಕೆ ಉತ್ತರ ಎಲ್ಲಿಂದ ಬರಬೇಕು? ಹೊರಗಿನವರು ಹೇಳಿದರೆ ‘ಅಯ್ಯೋ, ಅದರಲ್ಲೇನಿದೆ’, ‘ಇರಲಿ ಬಿಡಿ’ ಎಂದು ಕೈಯಾಡಿಸಿಬಿಡುತ್ತೇವೆ. ಈಗ ಮಕ್ಕಳು ಶಾಲೆಯಿಂದ ‘ವೆಲ್‌ಕಮ್’ ಕಲಿತು ಬರುತ್ತಾರೆ. ನಾನು ಬಲ್ಲ ಒಂದು ಮನೆಯಲ್ಲಿ ಅಜ್ಜಿ ಮೊಮ್ಮಗನ ಕೈಯಿಂದ ನೀರಿನ ಲೋಟ ತೆಗೆದುಕೊಂಡು, ಅವನಿಗೆ ಖುಷಿಯಾಗಲೆಂದು ‘ಥ್ಯಾಂಕ್ಸ್ ಕಣೋ’ ಅಂದರು. ಹುಡುಗ ಗಂಭೀರವಾಗಿ ‘ವೆಲ್‌ಕಮ್ ಅಜ್ಜಿ’ ಅಂದ. ಅಜ್ಜಿ ಲೋಟ ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು, ಬಾಗಿಲ ಕಡೆ ತಿರುಗಿ ಕೇಳಿದರು: ‘ಯಾರೋ ಬಂದ್ರು?’